ತೋಟಪ್ಪನವರ ಮನೆಯ ಎರಡನೇ ತೂತು

ಖಾಜಾ ಹುಸೇನನಿಗೆ ಆ ಭಾನುವಾರ ಎದ್ದಾಗಲೇ ಸಿಟ್ಟು ಬಂದಿತ್ತು. ಯಾರ ಮೇಲೆ ಎಂದು ಇನ್ನೂ ಗೊತ್ತಾಗಿರಲಿಲ್ಲ, ಅಷ್ಟೆ. ಅವನ ಸಿಟ್ಟೇ ಹಾಗೆ. ಮೊದಲು ಬಂದು ಕೂತುಕೊಳ್ಳುತ್ತಿತ್ತು, ಕಾರಣವನ್ನು ಆಮೇಲೆ ಹುಡುಕಿಕೊಳ್ಳುತ್ತಿತ್ತು. ದಾವಣಗೆರೆಯ ಮಂಡಿಪೇಟೆಯ ಹಿಂದಿನ ಓಣಿಯಲ್ಲಿ ಪೈಪು, ಪಂಪು, ನಲ್ಲಿ ರಿಪೇರಿಯ ಅಂಗಡಿ ಇಟ್ಟುಕೊಂಡಿದ್ದ ಅವನನ್ನು ಜನ ಕರೆಯುತ್ತಿದ್ದದ್ದು ಕೈಯನ್ನು ನಂಬಿ. ಬಾಯಿಯನ್ನು ಹೇಗೋ ಸಹಿಸಿಕೊಳ್ಳುತ್ತಿದ್ದರು.

ಅವತ್ತು ಕಾರಣಕ್ಕೇನೂ ಬರವಿರಲಿಲ್ಲ. ಪಿ.ಜೆ. ಬಡಾವಣೆಯ ಹತ್ತಿ ವ್ಯಾಪಾರಿ ತೋಟಪ್ಪನವರು ಹೊಸ ಮನೆ ಕಟ್ಟಿಸಿದ್ದರು. ಹತ್ತಿಯ ಬೀಜ ಬಿಡಿಸುತ್ತಿದ್ದ, ಈಗ ಮುಚ್ಚಿಹೋದ ಜಿನ್ನಿಂಗ್ ಫ್ಯಾಕ್ಟರಿಯೊಂದರ ಸಾಮಾನು ಹರಾಜಾದಾಗ, ಹಬೆ ಹಾಯಿಸುತ್ತಿದ್ದ ದಪ್ಪ ಉಕ್ಕಿನ ಪೈಪನ್ನು ಕೊಂಡು ತಂದು, ಮೊಮ್ಮಕ್ಕಳ ಕಾಲಕ್ಕೂ ಸವೆಯುವುದಿಲ್ಲ ಎಂದು ಬೀಗಿ, ಮಾಳಿಗೆಯ ಮೇಲಿನ ತೊಟ್ಟಿಯಿಂದ ಬಚ್ಚಲಿಗೂ ಅಡುಗೆಮನೆಗೂ ಹಾಯುವಂತೆ ಅದನ್ನು ಗೋಡೆಯಲ್ಲಿ ಅರ್ಧ ಹುದುಗಿಸಿ ಗಾರೆ ಮೆತ್ತಿಸಿಬಿಟ್ಟಿದ್ದರು. ಮೆತ್ತಿಸಿದ ಮೇಲೆ, ನಲ್ಲಿ ಹಾಕಲು ಖಾಜಾನನ್ನು ಕರೆಸಿದರು. ಪೈಪು ನೆಲದ ಮೇಲಿದ್ದಾಗ ಕರೆದಿದ್ದರೆ ಕತ್ತರಿಸಿ, ನಡುವೆ ಜೋಡಣೆ ಹಾಕಿ, ಸಲೀಸಾಗಿ ಮುಗಿಸುತ್ತಿದ್ದ. ಈಗ ಗೋಡೆಯಲ್ಲಿದ್ದ ಪೈಪಿಗೇ ತೂತು ಕೊರೆದು, ತೂತಿನ ಒಳಮೈಗೆ ನಲ್ಲಿ ತಿರುಗಿ ಕಚ್ಚಿಕೊಳ್ಳುವಂತೆ ಸುತ್ತುಗೆರೆ ಹಾಕಬೇಕಿತ್ತು. ಆ ಗೆರೆಗೆ ಖಾಜಾನ ಕಸುಬಿನವರು ಚೂಡಿ ಅನ್ನುತ್ತಾರೆ. ಅದನ್ನು ಕೊರೆಯುವ ಹಲ್ಲುಳ್ಳ ಗಟ್ಟಿ ಉಕ್ಕಿನ ಉಪಕರಣವೇ ಟ್ಯಾಪು.

ಖಾಜಾನ ಟ್ಯಾಪಿಗೆ ಹಲ್ಲು ಸವೆದಿತ್ತು. ತೆಳು ಪೈಪಿಗಾದರೆ ಸಾಕು, ಈ ದಪ್ಪಕ್ಕೆ ಕಚ್ಚುತ್ತಿರಲಿಲ್ಲ. ಅರವತ್ತೊಂದನೇ ಇಸವಿ, ವಿಲಾಯತಿ ಮಾಲು ಬರುವುದು ಹೆಚ್ಚುಕಡಿಮೆ ನಿಂತೇಹೋಗಿತ್ತು. ಬೊಂಬಾಯಿಯಿಂದ ತರಿಸಿಕೊಡುತ್ತೇವೆ ಎಂದ ಅಂಗಡಿಯವರು ತರಿಸಿಕೊಡಲಿಲ್ಲ. ಆಗ ನೆನಪಾದವನು ಹೆಂಡತಿಯ ತಮ್ಮ ಸಿಕಂದರ್.

ಸಿಕಂದರ್ ಹರಿಹರದ ಪಂಪಿನ ಕಾರ್ಖಾನೆಯೊಂದರಲ್ಲಿ ಫಿಟರ್ ಆಗಿದ್ದ. ಇನ್ನೂ ಟೆಂಪರರಿ, ಆ ತಿಂಗಳು ಖಾಯಂ ಆಗುವುದರಲ್ಲಿದ್ದ. ಅಲ್ಲಿ ಉಪಕರಣ ಬೇಕಾದವರು ತಮ್ಮ ನಂಬರಿನ ಹಿತ್ತಾಳೆ ಬಿಲ್ಲೆಯನ್ನು ಟೂಲ್ ರೂಮಿನ ಮೊಳೆಗೆ ತೂಗುಹಾಕಿ ಒಯ್ಯಬೇಕು. ಮುರಿದರೆ ಮುರಿದ ಎರಡು ತುಂಡನ್ನೂ ತಂದು ಒಪ್ಪಿಸಬೇಕು. ಗೇಟು ದಾಟಿಸಿದರೆ ಮಾತ್ರ ಕಳ್ಳತನ, ಅವತ್ತೇ ಮನೆಗೆ ಕಳಿಸುತ್ತಾರೆ. ಸಿಕಂದರ್ ಮೊದಲು ಆಗುವುದಿಲ್ಲ ಅಂದ. ಖಾಜಾ ಹೆಂಡತಿ ಇಮಾಂಬಿಯ ಕೈಲಿ ಹೇಳಿಸಿದ. ತಾಯಿ ತೀರಿಕೊಂಡ ಮೇಲೆ ತಮ್ಮನನ್ನು ಸಾಕಿದವಳು ಅವಳು, ಕಸುಬು ಕಲಿಸಿದವನು ಖಾಜಾ. ಇಬ್ಬರೂ ಸೇರಿ ಕೇಳಿದರೆ ಅವನು ಯಾವ ಬಾಯಿಂದ ಇಲ್ಲ ಅಂದಾನು? ಶನಿವಾರ ಸಂಜೆ ಊಟದ ಡಬ್ಬಿಯಲ್ಲಿ ರೊಟ್ಟಿಯ ಕೆಳಗೆ ಟ್ಯಾಪನ್ನು ಬಚ್ಚಿಟ್ಟುಕೊಂಡು ಬಂದು ಕೊಟ್ಟ.

‘ಸೋಮವಾರ ಸೈರನ್ ಆಗೋ ಹೊತ್ತಿಗೆ ನನ್ನ ಕೈಯಾಗೆ ಇರಬೇಕು, ದುಲ್ಹಾಭಾಯಿ,’ ಎಂದಷ್ಟೇ ಹೇಳಿ ಮರುಬಸ್ಸಿಗೆ ಹೊರಟುಹೋದ. ಅಕ್ಕನ ಗಂಡನನ್ನು ಅವನು ಕರೆಯುತ್ತಿದ್ದದ್ದು ಹಾಗೆ.

ಬೆಳಿಗ್ಗೆ ಖಾಜಾ ಸಾಮಾನು ಕಟ್ಟಿಕೊಳ್ಳುವಾಗ ಇಮಾಂಬಿ ಬಾಗಿಲಿಗೆ ಬಂದು, ‘ಅವನ ನೌಕರಿ ನಿಮ್ಮ ಚೀಲದಾಗೈತೆ. ಅಲ್ಲಿ ಹೋಗಿ ಯಾರ ಮ್ಯಾಲೂ ಸಿಟ್ಟು ಮಾಡ್ಕೋಬ್ಯಾಡ್ರಿ,’ ಅಂದಳು. ಹುಡುಕುತ್ತಿದ್ದ ಕಾರಣ ಸಿಕ್ಕೇಬಿಟ್ಟಿತು. ನಾನು ಸಿಟ್ಟು ಮಾಡುವವನೇ, ನಾನು ಅಂಥವನೇ ಎಂದು ಗೊಣಗಿಕೊಳ್ಳುತ್ತ ಅವನು ದಾರಿಯುದ್ದಕ್ಕೂ ಸೈಕಲ್ ತುಳಿದ.

ಬಚ್ಚಲಮನೆಯ ತೂತು ಮೊದಲಿನದು. ಈ ಕೆಲಸದಲ್ಲಿ ಖಾಜಾನನ್ನು ನೋಡಬೇಕು. ತೊಟ್ಟಿಯಲ್ಲಿ ನೀರಿಲ್ಲ, ಪೈಪು ಬರಿದು ಎಂದು ತಾನೇ ಮಾಳಿಗೆ ಹತ್ತಿ ನೋಡಿ ಬಂದ. ಅಂಗಿಯ ತೋಳನ್ನು ಮೊಣಕೈ ಮೇಲಕ್ಕೆ ಮಡಚಿದ. ಸಡಿಲ ತೋಳು ಡ್ರಿಲ್ಲಿಗೆ ಸಿಕ್ಕರೆ ಕೈಯನ್ನೂ ಎಳೆದುಕೊಂಡು ಹೋಗುತ್ತದೆ. ಪೈಪಿನ ದುಂಡು ಮೈಮೇಲೆ ಡ್ರಿಲ್ಲು ಜಾರದಂತೆ ಮೊನಚು ಉಳಿಯಂಥ ಪಂಚಿನಿಂದ ಒಂದು ಗುಳಿ ಹೊಡೆದ. ಮೊದಲು ಸಣ್ಣ ತೂತು, ಅದರ ದಾರಿಯಲ್ಲೇ ದೊಡ್ಡದು. ಹಿಡಿಯನ್ನು ಹಿಂದೆ ಮುಂದೆ ಆಡಿಸುವ ಕೈಡ್ರಿಲ್ಲನ್ನು, ಗಾರೆ ಕೆತ್ತಿ ಹಿಂದಿನಿಂದ ಹಾಯಿಸಿದ ಸರಪಳಿಯಿಂದ ಪೈಪಿಗೆ ಬಿಗಿದು, ಪೈಪಿನ ಒಳಮೈ ತಲುಪುವ ಹೊತ್ತಿಗೆ ಒತ್ತಡ ಇಳಿಸಿದ. ಅವಸರ ಮಾಡಿದರೆ ಡ್ರಿಲ್ಲು ಅಲ್ಲೇ ಕಚ್ಚಿಕೊಂಡು ಮಣಿಕಟ್ಟು ತಿರುಚುತ್ತದೆ. ಉಕ್ಕಿನ ಚೂರನ್ನು ಬೆರಳಲ್ಲಿ ಒರೆಸಲಿಲ್ಲ, ಬಾಯಲ್ಲಿ ಊದಲಿಲ್ಲ, ಹಳೆ ಬ್ರಷ್ಷಿನಿಂದ ಕೆಡವಿದ. ಆಮೇಲೆ ಟ್ಯಾಪನ್ನು ಡಬ್ಬಿಯೊಂದರಲ್ಲಿ ಅದ್ದಿ, ತೂತಿಗೆ ನೆಟ್ಟಗೆ ನಿಲ್ಲಿಸಿ, ಅರ್ಧ ಸುತ್ತು ಮುಂದೆ, ಕಾಲು ಸುತ್ತು ಹಿಂದೆ, ಹೀಗೆ ಇಳಿಸುತ್ತ ಹೋದ. ಹಿಂದಕ್ಕೆ ತಿರುಗಿಸಿದಾಗಲೆಲ್ಲ ಒಳಗೆ ಚೂರು ಮುರಿದ ಸಣ್ಣ ಸದ್ದು ಕೇಳುತ್ತಿತ್ತು. ಆ ಸದ್ದು ಕೇಳಿದರೆ ಖಾಜಾನಿಗೆ ಲೋಕದಲ್ಲಿ ಯಾರ ಮೇಲೂ ಸಿಟ್ಟಿರುತ್ತಿರಲಿಲ್ಲ.

ತೋಟಪ್ಪನವರ ತಾಯಿ ಸರ್ವಮಂಗಳಮ್ಮ ಬಚ್ಚಲ ಹೊಸ್ತಿಲಿನಾಚೆ ಮಣೆ ಹಾಕಿಕೊಂಡು ಕೂತು ಎಲ್ಲವನ್ನೂ ನೋಡುತ್ತಿದ್ದರು. ಚೂಡಿ ಮುಗಿಯುವ ಹೊತ್ತಿಗೆ ಕೇಳಿದರು:

‘ಸಾಬರೆ, ಆ ಡಬ್ಬ್ಯಾಗೆ ಏನೈತಪ್ಪ? ಬೆಣ್ಣಿ ಇದ್ದಂಗೆ ಕಾಣ್ತೈತಲ್ಲ.’

‘ಚರಬಿ, ಅಮ್ಮಾರೆ. ಕುರಿ ಕೊಬ್ಬು.’

ಬೇರೆ ಯಾರಾದರೂ ಆಗಿದ್ದರೆ ಮೇಣ ಅನ್ನುತ್ತಿದ್ದರು, ಮಾತು ಅಲ್ಲಿಗೆ ಮುಗಿಯುತ್ತಿತ್ತು. ಆದರೆ ಕಸುಬಿನ ವಿಷಯದಲ್ಲಿ ಖಾಜಾ ಅವತ್ತಿನವರೆಗೂ ಸುಳ್ಳಾಡಿದವನಲ್ಲ.

ಸರ್ವಮಂಗಳಮ್ಮ ಕೂಗಾಡಲಿಲ್ಲ. ಸುಮ್ಮನೆ ಎದ್ದು ನಿಂತರು. ‘ಇದೇ ನೀರಾಗೆ ನಾನು ಲಿಂಗಪೂಜಿ ಮಾಡಬೇಕು. ಆ ಡಬ್ಬಿ ಕಾಂಪೌಂಡಿನಾಚೆ ಇಟ್ಟು ಬರ್ರಿ. ಈ ತೂತನ್ನ ಸೀಗೆಪುಡಿ ಹಾಕಿ ತೊಳೀರಿ.’

‘ತೂತನ್ನ?’

‘ಹೌದು. ಬಿಸಿನೀರು ಕೊಡಸ್ತೀನಿ.’

ಖಾಜಾ ತೋಟಪ್ಪನವರ ಕಡೆ ನೋಡಿದ. ಅವರು ಪೇಪರಿನಿಂದ ತಲೆಯೆತ್ತದೆ, ‘ಅವ್ವ ಹೇಳಿದಂಗೆ ಮಾಡಿಬಿಡ್ರಿ,’ ಎಂದರು. ಆ ದಪ್ಪ ಪೈಪನ್ನು ತಂದು ಗೋಡೆಗೆ ಹುದುಗಿಸಿದ ಮಹಾನುಭಾವ! ಖಾಜಾ ಡಬ್ಬಿಯನ್ನು ಗೇಟಿನಾಚೆ ಇಟ್ಟು ಬಂದ. ಬೆರಳಿಗೆ ಬಟ್ಟೆ ಸುತ್ತಿ, ಸೀಗೆಪುಡಿ ಅದ್ದಿ, ಈಗಷ್ಟೇ ಕೊರೆದ ಚೂಡಿಯನ್ನು ಉಜ್ಜಿ ಉಜ್ಜಿ ತೊಳೆದ. ಎಷ್ಟೋ ವರ್ಷದಿಂದ ಈ ಕೆಲಸ ಮಾಡುತ್ತಿದ್ದೇನೆ, ತೂತಿಗೆ ಎಣ್ಣೆಸ್ನಾನ ಮಾಡಿಸಿದ್ದು ಇದೇ ಮೊದಲು ಎಂದು ಹಲ್ಲು ಕಡಿದುಕೊಂಡ. ಅವನಿಗೆ ನೋವಾದದ್ದು ಚರಬಿಯ ಮಾತಿಗಲ್ಲ. ಅವರ ಆಚಾರ ಅವನಿಗೆ ಗೊತ್ತಿಲ್ಲದ್ದೇನಲ್ಲ, ಮೊದಲೇ ಹೇಳಿದ್ದರೆ ಡಬ್ಬಿ ತರುತ್ತಲೇ ಇರಲಿಲ್ಲ. ತಾನು ಮಾಡಿದ ಚಂದದ ಕೆಲಸವನ್ನು ಹೊಲಸು ಎಂಬಂತೆ ತನ್ನ ಕೈಯಿಂದಲೇ ತೊಳೆಸಿದರಲ್ಲ, ಅದು ಚುಚ್ಚಿತು.

ಎರಡನೇ ತೂತು ಅಡುಗೆಮನೆಯದು. ಕೊರೆದು ಮುಗಿಸುವಷ್ಟರಲ್ಲಿ ಸರ್ವಮಂಗಳಮ್ಮ ಒಂದು ಬಟ್ಟಲನ್ನು ತಂದು ಅವನ ಪಕ್ಕ ಇಟ್ಟರು.

‘ಹರಳೆಣ್ಣಿ. ಗಾಡಿ ಅಚ್ಚಿಗೆ ಇದನ್ನೇ ಹಾಕ್ತಾರೆ. ನಿಮ್ಮ ಕೆಲಸಕ್ಕೂ ಆದೀತೇನೋ ನೋಡ್ರಿ.’

ಆದೀತೇನೋ ಅಲ್ಲ, ಚೆನ್ನಾಗಿಯೇ ಆಗುತ್ತಿತ್ತು. ಉಕ್ಕಿಗೆ ಚೂಡಿ ಹಾಕಲು ಹರಳೆಣ್ಣೆ ಚರಬಿಗಿಂತ ಒಂದು ಕೈ ಮೇಲೆ. ಸಿಕಂದರನಿಗೆ ಅಂಗಡಿಯಲ್ಲಿ ಅದನ್ನು ಹೇಳಿಕೊಟ್ಟವನು ಖಾಜಾನೇ. ಬಟ್ಟಲು ಕೈಗೆಟುಕುವಲ್ಲೇ ಇತ್ತು. ಆದರೆ ಹಿಂದಿನ ಮಾತು ಗಂಟಲಲ್ಲಿ ಸಿಕ್ಕಿಕೊಂಡಿದ್ದಾಗ ಮುಂದಿನ ಎಣ್ಣೆ ಕೈಗೆ ಬರುವುದು ಹೇಗೆ?

‘ಏನೂ ಬ್ಯಾಡ್ರಿ ಅಮ್ಮಾರೆ. ನಿಮ್ಮ ಮಡಿಗೆ ಯಾವುದೂ ತಾಗೋದು ಬ್ಯಾಡ,’ ಎಂದು, ಟ್ಯಾಪನ್ನು ಬಟ್ಟೆಯಲ್ಲಿ ಒರೆಸಿ ಒಣಗಿಸಿ, ತೂತಿಗೆ ಹಚ್ಚಿದ.

ಮೊದಲಿನ ಸುತ್ತುಗಳು ಇಳಿದವು. ಆಮೇಲೆ ಬಿಗಿಯಾಯಿತು. ಹಿಂದಕ್ಕೆ ತಿರುಗಿಸಿದಾಗ ಚೂರು ಮುರಿದ ಸದ್ದು ಬರಲಿಲ್ಲ, ಕಿರ್ರೆಂದಿತು. ನಿಲ್ಲಿಸಬೇಕು ಎಂದು ಕೈ ಹೇಳಿತು. ಆ ಕೈ ಅಂಥ ಮಾತನ್ನು ಎಂದೂ ತಪ್ಪಾಗಿ ಹೇಳಿದ್ದಿಲ್ಲ, ಖಾಜಾ ಅದನ್ನು ಕೇಳದೆ ಬಿಟ್ಟದ್ದೂ ಇಲ್ಲ. ಅವತ್ತು ಕೇಳಲಿಲ್ಲ. ಬಾಗಿಲಲ್ಲಿ ನಿಂತ ಆಯಮ್ಮ ನೋಡುತ್ತಿದ್ದಾರೆ, ಎಣ್ಣೆ ಇಲ್ಲದೆಯೂ ಖಾಜಾ ಹುಸೇನನ ಕೆಲಸ ನಡೆಯುತ್ತದೆ ಎಂದು ಅವರಿಗೆ ಗೊತ್ತಾಗಲಿ. ಟ್ಯಾಪಿನ ಅಡ್ಡಹಿಡಿಯ ಎರಡೂ ತುದಿಗೆ ಮೈಭಾರ ಹಾಕಿ ತಿರುವಿದ.

ಸದ್ದೇನೂ ದೊಡ್ಡದಾಗಿರಲಿಲ್ಲ. ಹಿಡಿ ತಟ್ಟನೆ ಹಗುರಾಯಿತು, ಖಾಜಾನ ಕೈಯಲ್ಲಿ ಅರ್ಧ ಟ್ಯಾಪು ಉಳಿಯಿತು. ಉಳಿದರ್ಧ ಪೈಪಿನ ತೂತಿನಲ್ಲಿ ಬೆಣೆ ಹೊಡೆದಂತೆ ಕೂತಿತ್ತು.

ಅವನು ಹಾಗೇ ನೆಲದ ಮೇಲೆ ಕೂತುಬಿಟ್ಟ. ಊಟದ ಡಬ್ಬಿ, ರೊಟ್ಟಿ, ಮೊಳೆಗೆ ತೂಗುತ್ತಿರುವ ಹಿತ್ತಾಳೆ ಬಿಲ್ಲೆ ಕಣ್ಣ ಮುಂದೆ ಬಂದವು. ಮುರಿದ ತುಂಡು ಗೋಡೆಯಲ್ಲೇ ಉಳಿದರೆ ಸಿಕಂದರ್ ಒಪ್ಪಿಸುವುದೇನನ್ನು? ಒಂದು ತುಂಡು ಕಾಣೆಯಾದರೆ ಇನ್ನೊಂದು ಎಲ್ಲಿತ್ತು ಎಂದು ಕೇಳಿಯೇ ಕೇಳುತ್ತಾರೆ.

ಮಧ್ಯಾಹ್ನವೆಲ್ಲ ಅದನ್ನು ತೆಗೆಯುವುದರಲ್ಲೇ ಹೋಯಿತು. ಗಟ್ಟಿ ಉಕ್ಕು, ಡ್ರಿಲ್ಲಿಗೆ ಬಗ್ಗುವುದಿಲ್ಲ. ಸಣ್ಣ ಪಂಚನ್ನು ಟ್ಯಾಪಿನ ಹಲ್ಲುಗಳ ನಡುವಿನ ಸಂದಿಗೆ ಆನಿಸಿ ಹಿಮ್ಮುಖವಾಗಿ ಮೆಲ್ಲಗೆ ಬಡಿಯಬೇಕು. ಮೆಲ್ಲಗೆ ಎಂಬುದು ಅವತ್ತು ಖಾಜಾನ ಕೈಯಲ್ಲಿ ಉಳಿದಿರಲಿಲ್ಲ. ಒಮ್ಮೆ ಜೋರಾಗಿ ಬಿದ್ದ ಪೆಟ್ಟಿಗೆ ಚಕ್ಕೆಯೊಂದು ಸಿಡಿದು ಕಣ್ಣಿನ ಕೆಳಗೇ ಕೆನ್ನೆಗೆ ನಾಟಿತು. ಬೇರೆ ಯಾರಾದರೂ ಹೀಗೆ ಮುಖ ಕೊಟ್ಟು ಬಡಿಯುತ್ತಿದ್ದರೆ ಅವರ ತಲೆಗೆ ಮೊಟಕುತ್ತಿದ್ದ. ಸರ್ವಮಂಗಳಮ್ಮ ಅರಿಶಿನ ತಂದು ಕೊಟ್ಟರು. ಹಚ್ಚಿಕೊಳ್ಳುತ್ತಿರುವಾಗ ಕೇಳಿದರು:

‘ಎಣ್ಣಿ ಅಲ್ಲೇ ಇಟ್ಟಿದ್ನಲ್ಲಪ್ಪ. ಯಾಕ ಬ್ಯಾಡ ಅಂದ್ರಿ?’

ಕೊಂಕು ಇರಲಿಲ್ಲ, ತಿಳಿಯದೆ ಕೇಳಿದ್ದು. ಕೊಂಕಾಗಿದ್ದರೆ ಉತ್ತರ ಕೊಡಬಹುದಿತ್ತು. ಖಾಜಾ ಅರಿಶಿನದ ಕೈಯಲ್ಲೇ ಮತ್ತೆ ಸುತ್ತಿಗೆ ಎತ್ತಿಕೊಂಡ. ಬಿಸಿಲು ಇಳಿಯುವ ಹೊತ್ತಿಗೆ ತುಂಡು ಹೊರಬಂತು. ಅದರ ಹಿಂದೆ ಉಳಿದ ತೂತು ಯಾವ ನಲ್ಲಿಗೂ ಲಾಯಕ್ಕಾಗಿರಲಿಲ್ಲ.

ಸಂಜೆಯ ಹರಿಹರದ ಬಸ್ಸಿನಲ್ಲಿ, ಕರವಸ್ತ್ರದಲ್ಲಿ ಸುತ್ತಿದ ಎರಡು ತುಂಡನ್ನು ತೊಡೆಯ ಮೇಲಿಟ್ಟುಕೊಂಡು, ಖಾಜಾ ಏನು ಹೇಳಬೇಕೆಂದು ಜೋಡಿಸಿಕೊಂಡ. ಕಷ್ಟವೇನೂ ಆಗಲಿಲ್ಲ. ಕುಂದುವಾಡ ದಾಟುವಷ್ಟರಲ್ಲಿ ತಪ್ಪೆಲ್ಲ ಸರ್ವಮಂಗಳಮ್ಮನದಾಗಿತ್ತು, ಬಸ್ಸು ನಿಂತು ಇಳಿಯುವ ಹೊತ್ತಿಗೆ ಅವನಿಗೇ ಅದು ಮುಕ್ಕಾಲು ನಿಜ ಅನ್ನಿಸಿತ್ತು.

ಸಿಕಂದರನ ಬಾಡಿಗೆ ಕೋಣೆಯಲ್ಲಿ ಕರವಸ್ತ್ರ ಬಿಚ್ಚಿಟ್ಟು ಹೇಳಿದ: ‘ಆ ಅಮ್ಮ ಚರಬಿ ಮುಟ್ಟಗೊಡಲಿಲ್ಲ. ಮಡಿ ಅಂತೆ, ಪೂಜಿ ಅಂತೆ. ಒಣಗೇ ತಿರುವು ಅಂದ್ರು. ನಾನೇನು ಮಾಡಲಿ?’

ಸಿಕಂದರನ ಮುಖ ಬಿಳುಚಿಕೊಂಡಿತು. ತುಂಡುಗಳನ್ನು ಬೆಳಕಿಗೆ ಹಿಡಿದು, ಹೆಬ್ಬೆರಳಿನಿಂದ ಸವರಿ ನೋಡಿದ. ಸಂದಿಯಲ್ಲಿ ಸಿಕ್ಕಿದ್ದ ಚೂರು ಬಿಸಿಗೆ ಕಂದಿತ್ತು. ಎಣ್ಣೆಯ ಪಸೆ ಎಲ್ಲೂ ಇರಲಿಲ್ಲ.

‘ಬ್ಯಾರೆ ಎಣ್ಣಿ ಏನೂ ಇರಲಿಲ್ವಾ ಅವರ ಮನ್ಯಾಗೆ?’

‘ಇರಲಿಲ್ಲ,’ ಅಂದ ಖಾಜಾ.

ಹತ್ತಿ ಸಾಹುಕಾರರ ಮನೆಯಲ್ಲಿ ಒಂದು ತೊಟ್ಟು ಎಣ್ಣೆ ಇರಲಿಲ್ಲವಂತೆ! ಮಾತು ಬಾಯಿಂದ ಬಿದ್ದೊಡನೆ ಅದರ ಮೂರ್ಖತನ ಅವನಿಗೇ ಕೇಳಿಸಿತು. ಸಿಕಂದರ್ ತುಂಡುಗಳನ್ನು ಊಟದ ಡಬ್ಬಿಗೆ ಹಾಕಿ ಮುಚ್ಚಿ, ‘ಊಟ ಮಾಡಾನ ಬರ್ರಿ,’ ಎಂದ. ಬೈದಿದ್ದರೆ ಖಾಜಾ ತಿರುಗಿ ಬೈದು ಹಗುರಾಗುತ್ತಿದ್ದ. ಆ ದಾರಿಯೂ ಮುಚ್ಚಿತು.

ಮರುದಿನ ಸಿಕಂದರ್ ಗೇಟಿನೊಳಗೆ ಹೋದ ಮೇಲೆ ಖಾಜಾನಿಗೆ ಊರಿಗೆ ಹೊರಡಲು ಆಗಲಿಲ್ಲ. ಏನಾಯಿತೆಂದು ತಿಳಿಯದೆ ಇಮಾಂಬಿಯ ಮುಖ ನೋಡುವುದು ಹೇಗೆ? ಗೇಟಿನ ಎದುರಿನ ಚಹಾದಂಗಡಿಯ ಬೆಂಚಿನ ಮೇಲೆ ಕೂತ. ಚಹಾ ಕುಡಿದ, ಬೀಡಿ ಸೇದಿದ, ಮತ್ತೆ ಚಹಾ ಕುಡಿದ. ಅಂಗಡಿಯವನು ಬೆಂಚು ಒರೆಸುವ ನೆಪದಲ್ಲಿ ಅವನನ್ನು ಬಾರಿ ಬಾರಿ ಏಳಿಸಿದ. ಅವನ ಮೇಲೆ ಸಿಟ್ಟು ಮಾಡಲೂ ಖಾಜಾನಿಗೆ ತ್ರಾಣವಿರಲಿಲ್ಲ.

ಮಧ್ಯಾಹ್ನದ ಸೈರನ್ ಆಯಿತು. ಜನ ಹೊರಗೆ ಬಂದರು. ಸಿಕಂದರನೂ ಬಂದ, ಆದರೆ ಒಬ್ಬನೇ ಅಲ್ಲ, ಜೊತೆಗೆ ಖಾಕಿ ಅಂಗಿಯ ದಪ್ಪ ಮೀಸೆಯ ಹಿರಿಯರೊಬ್ಬರು ಮಾತಾಡುತ್ತ, ಮಾತಾಡುತ್ತ ಏನು, ಬೈಯುತ್ತ ಬರುತ್ತಿದ್ದರು. ಫೋರ್‌ಮನ್ ಮಾಳಿಂಗಪ್ಪ. ಬೆಂಚಿನ ಹತ್ತಿರ ಬಂದಾಗ ಸಿಕಂದರ್, ‘ಇವರು ನಮ್ಮ ಅಕ್ಕನ ಗಂಡ. ದಾವಣಗೆರೇಲಿ ಫಿಟರ್ ಅದಾರೆ,’ ಎಂದು ಪರಿಚಯಿಸಿದ.

‘ಫಿಟರ್ರಾ? ಹಂಗಾದ್ರೆ ನೀವೇ ಕೇಳ್ರಿ,’ ಮಾಳಿಂಗಪ್ಪನವರು ಚಹಾ ಹೇಳಿ ಬೆಂಚಿನ ಮೇಲೆ ಕೂತರು. ‘ವಿಲಾಯತಿ ಟ್ಯಾಪು. ನಮ್ಮಲ್ಲಿ ಇದ್ದದ್ದೇ ಅದೊಂದು. ಬೆಳಿಗ್ಗೆ ಕೆಲಸಕ್ಕೆ ಹಚ್ಚಿ ಮುರುದೆ ಅಂತ ಎರಡು ತುಂಡು ತಂದು ಕೈಯಾಗಿಟ್ಟ. ನೋಡಿದ್ರೆ ಒಂದು ಹನಿ ಎಣ್ಣಿ ಹಾಕಿಲ್ಲ. ಉಕ್ಕಿಗೆ ಎಣ್ಣಿ ಹಾಕದಂಗೆ ತಿರುವೋದನ್ನ ಇವನಿಗೆ ಯಾವ ಉಸ್ತಾದ ಕಲಿಸಿದ್ನೋ ಏನೋ.’

ಖಾಜಾನ ಬಾಯಿ ತೆರೆಯಿತು. ಜೀವಮಾನದಲ್ಲಿ ಆ ಬಾಯಿಯನ್ನು ಅವನು ಯಾರ ಮುಂದೆಯೂ ಮುಚ್ಚಿದವನಲ್ಲ. ಮುರಿದವನು ನಾನು ಎಂಬ ಮಾತು ನಾಲಗೆಯ ತುದಿಗೆ ಬಂದಿತ್ತು. ಆದರೆ ಅದನ್ನು ಹೇಳಿದರೆ ಟ್ಯಾಪು ಗೇಟು ದಾಟಿದ್ದನ್ನೂ ಹೇಳಿದಂತೆ. ಮುರಿದವನು ಹೇಗೋ ಉಳಿದಾನು, ಕದ್ದವನು ಉಳಿಯುವುದಿಲ್ಲ. ಸಿಕಂದರ್ ಅವನತ್ತ ನೋಡದೆ ಹೇಳಿದ:

‘ಉಸ್ತಾದ್ರು ಸರಿಯಾಗೇ ಕಲ್ಸಿದ್ರು ಸಾರ್. ಎಣ್ಣಿ ಇತ್ತು. ನಾನೇ ಯಾರ ಮ್ಯಾಲೋ ಸಿಟ್ಟಿಗೆ ಹಾಕಲಿಲ್ಲ.’

ಖಾಜಾನಿಗೆ ಕೆನ್ನೆಯ ಗಾಯ ಉರಿದಂತಾಯಿತು. ಹುಡುಗನಿಗೆ ಎಲ್ಲ ಗೊತ್ತಿತ್ತು. ನಿನ್ನೆ ರಾತ್ರಿ ತುಂಡನ್ನು ಸವರಿ ನೋಡಿದಾಗಲೇ ಗೊತ್ತಾಗಿತ್ತು. ಎದುರಿಗೆ ಕೂರಿಸಿಕೊಂಡು ಊಟಕ್ಕೆ ಬಡಿಸಿದಾಗಲೂ ಗೊತ್ತಿತ್ತು.

‘ಕೇಳಿದ್ರಾ, ಸಿಟ್ಟಂತೆ,’ ಅಂದರು ಮಾಳಿಂಗಪ್ಪ. ‘ಈ ತಿಂಗಳು ಖಾಯಂಗೆ ಇವನ ಹೆಸರು ಕಳಿಸೋದಿತ್ತು. ಈಗ ಯಾವ ಮುಖ ಇಟ್ಕೊಂಡು ಕಳಿಸಲಿ? ಮಶೀನು ಬಿಡಿಸಿ ಚೂರು ಗುಡಿಸಾಕೆ ಹಾಕೀನಿ. ಮುಂದಿನ ವರ್ಷದ ಮಾತು ಮುಂದಿನ ವರ್ಷ. ನಾನು ಬೈದ್ರೆ ಫೋರ್‌ಮನ್ ಬೈದ ಅಂತಾನೆ. ನೀವು ಮನಿ ಹಿರಿಯರು, ಕಸುಬು ಬಲ್ಲೋರು. ಎರಡು ಮಾತು ಬುದ್ಧಿ ಹೇಳ್ರಿ.’

ಸಿಕಂದರ್ ಕೈಕಟ್ಟಿ ತಲೆತಗ್ಗಿಸಿ ನಿಂತ. ಮಾಳಿಂಗಪ್ಪನವರು ಕಾಯುತ್ತಿದ್ದರು. ಏನೂ ಹೇಳದೆ ಕೂರುವಂತಿರಲಿಲ್ಲ. ಕೂತರೆ ಹೆಂಡತಿಯ ತಮ್ಮನ ಪರ ವಹಿಸಿದಂತೆ ಕಾಣುತ್ತಿತ್ತು.

‘ಲೇ ಸಿಕಂದರ್,’ ಅಂದ ಖಾಜಾ. ದನಿ ತನ್ನದೇ ಅನ್ನಿಸಲಿಲ್ಲ. ‘ಆ ಕಬ್ಬಿಣ ನಿನಗೇನು ಅಂದಿತ್ತು? ಅದಕ್ಕೇನು ಗೊತ್ತು ನಿನ್ನ ಸಿಟ್ಟು? ಬಟ್ಟಲ ತುಂಬ ಹರಳೆಣ್ಣಿ ಪಕ್ಕದಾಗೇ ಇಟ್ಟಿದ್ರು. ಕೈ ಚಾಚಿದ್ರೆ ಸಿಗ್ತಿತ್ತು. ಪಾಪ, ಒಳ್ಳೆ ಮನಸಿಂದಲೇ ತಂದಿಟ್ಟಿದ್ರು. ಯಾಕ ಚಾಚಲಿಲ್ಲ ನೀನು? ದೊಡ್ಡ ಮನುಷ್ಯ ಆಗಿದ್ದೆ. ಮುರುದದ್ದೂ ಮುರುದೆ, ಆಮ್ಯಾಲೆ ಇನ್ನೊಬ್ಬರ ಮ್ಯಾಲೆ ಹಾಕಾಕೆ ನೋಡಿದೆ. ನಿನ್ನ ಸಿಟ್ಟಿಗೆ ಬ್ಯಾರೆಯೋರ ಹೊಟ್ಟಿ ಮ್ಯಾಲೆ ಹೊಡದಂಗಾತಲ್ಲ, ನಾಚಿಕೆ ಆಗಂಗಿಲ್ವ ನಿನಗ?’

ಸಿಕಂದರ್ ತಲೆಯೆತ್ತಿ ಅವನನ್ನು ನೋಡಿದ. ಹಿಂದಿನ ದಿನದಿಂದ ಮೊದಲ ಸಲ ನೇರವಾಗಿ ನೋಡಿದ್ದು.

‘ಆತು ದುಲ್ಹಾಭಾಯಿ,’ ಎಂದ ಮೆಲ್ಲಗೆ. ‘ಬಿಡ್ರಿ. ಅಕ್ಕನಿಗೆ ನಾನೇ ಮುರುದೆ ಅಂತ ಹೇಳ್ರಿ.’

ಸೈರನ್ ಮತ್ತೆ ಆಯಿತು. ಅವನು ಉಣ್ಣದೆಯೇ ಗೇಟಿನ ಕಡೆ ನಡೆದ. ಮಾಳಿಂಗಪ್ಪನವರು ಎದ್ದು, ಚಹಾದ ಲೋಟ ಕೆಳಗಿಟ್ಟು, ಖಾಜಾನ ಹೆಗಲ ಮೇಲೆ ಕೈಯಿಟ್ಟರು. ಅವರ ಮುಖದ ಬಿಗಿ ಸಡಿಲಾಗಿತ್ತು.

‘ನೋಡ್ರಿ, ಇವನಿಗೆ ನಿಮ್ಮಂಥ ಉಸ್ತಾದ ಸಿಕ್ಕಿದ್ರೆ ಹಿಂಗಾಗ್ತಿರಲಿಲ್ಲ,’ ಎಂದು ಹೇಳಿ, ಅವರೂ ಒಳಗೆ ಹೋದರು.